ಟೈರಿನ ಹದವೂ ವಿವೇಕದ ಹದವೂ

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ, ಆಲ್ಪ್ ದ್ಯುಯೆಜ್ ಎಂಬುದೊಂದು ಗಿರಿಗ್ರಾಮವುಂಟು. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಆಟಕ್ಕೂ, ಬೇಸಗೆಯಲ್ಲಿ ಟೂರ್ ದ ಫ್ರಾನ್ಸ್ ಎಂಬ ಬೈಸಿಕಲ್ ಪಂದ್ಯದ ಕಡಿದಾದ ಏರುದಾರಿಗೂ ಆ ಊರು ಹೆಸರುವಾಸಿಯಾಗಿದೆ. ಅದೇ ಊರಿನಲ್ಲಿ 1995ರಿಂದ ಮೊದಲುಗೊಂಡು ಇನ್ನೊಂದು ಬಗೆಯ ಪಂದ್ಯ ನಡೆದುಬಂದಿದೆ. ಇದು ಏರುವ ಪಂದ್ಯವಲ್ಲ, ಇಳಿಯುವ ಪಂದ್ಯ. ಇದರ ಹೆಸರು ಮೆಗಾವಲಾಂಚ್. ಮಹಾ ಹಿಮಕುಸಿತವೆಂದು ಅದರ ಅಭಿಪ್ರಾಯ. ಸಮುದ್ರಮಟ್ಟಕ್ಕೆ 3330 ಮೀಟರು ಎತ್ತರವಿರುವ ಪಿಕ್ ಬ್ಲಾಂ ಎಂಬ ಶಿಖರದ ಬಳಿ ನೂರಾರು ಮಂದಿ ಸವಾರರು ಸಾಲುಸಾಲಾಗಿ ನಿಲ್ಲುತ್ತಾರೆ. ಸಂಜ್ಞೆಯಾದೊಡನೆ ಎಲ್ಲರೂ ಏಕಕಾಲದಲ್ಲಿ ಹೊರಟು, ಸುಮಾರು 720 ಮೀಟರು ಎತ್ತರದ ಅಲ್ಮೋಂ ಎಂಬ ಕಣಿವೆಯ ಹಳ್ಳಿಗೆ ಧುಮುಕುತ್ತಾರೆ. ಇಳಿತವು 2600 ಮೀಟರಿಗೆ ಸಮೀಪ. ದಾರಿಯ ಉದ್ದ 20 ಕಿಲೋಮೀಟರಿಗೂ ಮೇಲ್ಪಟ್ಟದ್ದು. ಮುಂಚೂಣಿಯ ಗಟ್ಟಿಗರು ಇದನ್ನು ಒಂದು ಗಂಟೆಯೊಳಗೆ ಮುಗಿಸುತ್ತಾರೆ. ಉಳಿದವರಿಗೆ ಅವರವರ ಶಕ್ತಿಯೇ ಗಡಿಯಾರ.

ಈ ಪಂದ್ಯದ ಹಿಂದಿನ ಸಂಜೆ ಆ ಗ್ರಾಮದ ವಸತಿಗಳಲ್ಲಿ ನಡೆಯುವ ಮಾತುಕತೆಯನ್ನು ಯಾರಾದರೂ ಕಿವಿಗೊಟ್ಟು ಕೇಳಿದರೆ ಆಶ್ಚರ್ಯಪಟ್ಟಾರು. ಪರ್ವತದ ಸೌಂದರ್ಯದ ಮಾತಲ್ಲ, ಗೆಲವಿನ ಮಾತೂ ಅಷ್ಟಾಗಿ ಅಲ್ಲ; ಅಲ್ಲಿ ನಡೆಯುವುದೆಲ್ಲ ಟೈರಿನ ಮಾತು. ಯಾವ ಟೈರು ಹಾಕುವುದು? ಮುಂದಕ್ಕೆ ಯಾವುದು, ಹಿಂದಕ್ಕೆ ಯಾವುದು? ಎಷ್ಟು ಗಾಳಿ? ಕೇಳುವವನಿಗೆ ಇದು ಯಂತ್ರದ ಮಾತೆಂದು ತೋರುವುದು ಸಹಜ. ಯಂತ್ರವನ್ನು ಬಲ್ಲವರು ಉತ್ತರ ಹೇಳಲಿ, ಧರ್ಮವಿಚಾರ ಮಾಡುವವರಿಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಆದರೆ ಸ್ವಲ್ಪ ಒಳಹೊಕ್ಕು ನೋಡಿದರೆ, ಮನುಷ್ಯನು ತನ್ನ ಜೀವಿತದಲ್ಲಿ ಮತ್ತೆ ಮತ್ತೆ ಎದುರಿಸಬೇಕಾದ ಒಂದು ಹಳೆಯ ಪ್ರಶ್ನೆಯೇ ರಬ್ಬರಿನ ವೇಷದಲ್ಲಿ ಇಲ್ಲಿ ಬಂದು ನಿಂತಿರುವುದು ಕಾಣುತ್ತದೆ. ಮುಂದೆ ಬರುವ ದಾರಿ ನಾನಾ ಬಗೆಯದು. ಅದಕ್ಕೆ ಮಾಡಿಕೊಳ್ಳಬಹುದಾದ ಸಿದ್ಧತೆ ಒಂದೇ. ಹೊರಟಮೇಲೆ ಅದನ್ನು ಬದಲಾಯಿಸುವಂತಿಲ್ಲ. ಹೀಗಿರಲು ವಿವೇಕಿಯಾದವನು ಯಾವುದನ್ನು ಆರಿಸಬೇಕು? ಆ ಆಯ್ಕೆಯಲ್ಲಿ ಅವನು ಯಾರಿಗೆ ಹೊಣೆ?

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ಯುಕ್ತ. ಗಾಳಿ ತುಂಬಿದ ಗಾಲಿಯ ಕಲ್ಪನೆಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಲೋಕವು ಅದನ್ನು ಮರೆಯಿತು. ಬೆಲ್‌ಫಾಸ್ಟ್ ನಗರದಲ್ಲಿದ್ದ ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯನು ತನ್ನ ಮಗನ ಮೂರು ಗಾಲಿಯ ಗಾಡಿಗಾಗಿ ಅದನ್ನು ಮತ್ತೆ ಕಂಡುಹಿಡಿದು 1888ರಲ್ಲಿ ಹಕ್ಕು ಪಡೆದಮೇಲೆ ಅದು ಬಳಕೆಗೆ ಬಂದಿತು. 1891ರಲ್ಲಿ ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಹಿಂದಿರುಗುವ ಸುಮಾರು 1200 ಕಿಲೋಮೀಟರುಗಳ ಪಂದ್ಯವನ್ನು ಶಾರ್ಲ್ ತೆರೋಂ ಎಂಬ ಸವಾರನು ಗೆದ್ದದ್ದು ಮಿಷಲಿನ್ ಸಹೋದರರು ಮಾಡಿದ, ಗಾಲಿಯಿಂದ ಕಳಚಿ ರಿಪೇರಿ ಮಾಡಬಹುದಾದ ಟೈರುಗಳಿಂದ. ಆ ಕಾಲದಿಂದ ಈ ಕಾಲದವರೆಗೆ ಟೈರು ಎಷ್ಟೋ ಸುಧಾರಿಸಿದೆ. ಆದರೆ ಅದರ ಮೂಲಭೂತವಾದ ಸ್ಥಿತಿ ಮಾತ್ರ ಬದಲಾಗಿಲ್ಲ. ಮನುಷ್ಯನ ದೇಹಭಾರ, ಅವನ ವೇಗ, ಅವನ ಧೈರ್ಯ, ಅವನ ತಪ್ಪು, ಇವೆಲ್ಲವೂ ಅಂಗೈಗಿಂತ ಹೆಚ್ಚು ಅಗಲವಿಲ್ಲದ ಎರಡು ರಬ್ಬರಿನ ತುಂಡುಗಳ ಮೂಲಕವೇ ನೆಲವನ್ನು ಮುಟ್ಟಬೇಕು. ಬೇರೆ ಆಧಾರವಿಲ್ಲ.

ಆ ಟೈರಿಗೆ ನಾಲ್ಕು ಗುಣಗಳು. ಮೇಲ್ಮೈಯಲ್ಲಿರುವ ಹಲ್ಲುಗಳ ರಚನೆ ಒಂದು. ರಬ್ಬರಿನ ಹದ ಎರಡನೆಯದು. ಒಳಗಿನ ನೂಲಿನ ಒಡಲು ಮೂರನೆಯದು. ಗಾಳಿಯ ಒತ್ತಡ ನಾಲ್ಕನೆಯದು. ಈ ನಾಲ್ಕರಲ್ಲಿ ಯಾವ ಒಂದನ್ನು ಹೆಚ್ಚಿಸಿದರೂ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಹಲ್ಲುಗಳು ಎತ್ತರವಾಗಿಯೂ ದೂರದೂರವಾಗಿಯೂ ಇದ್ದರೆ ಸಡಿಲವಾದ ಮಣ್ಣನ್ನು ಕಚ್ಚುತ್ತವೆ, ಕೆಸರನ್ನು ಕೊಡವಿಕೊಳ್ಳುತ್ತವೆ. ಆದರೆ ಗಟ್ಟಿ ಬಂಡೆಯ ಮೇಲೆ ಬಾಗಿ ಹೊರಳಾಡುತ್ತವೆ, ಓಟವನ್ನು ತಡೆಯುತ್ತವೆ. ಗಿಡ್ಡವಾಗಿ ಒತ್ತೊತ್ತಾಗಿದ್ದರೆ ಗಟ್ಟಿ ನೆಲದಲ್ಲಿ ಸರಾಗವಾಗಿ ಉರುಳುತ್ತವೆ. ಒದ್ದೆ ಹುಲ್ಲು ಬಂದಾಗ ಕೈಬಿಡುತ್ತವೆ. ಮೆತ್ತನೆಯ ರಬ್ಬರು ಕಲ್ಲಿನ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಹಿಡಿಯುತ್ತದೆ. ಒತ್ತಿದರೆ ಅದು ಮೆಲ್ಲಗೆ ಮೇಲೇಳುವುದು, ಅದೇ ಅದರ ಹಿಡಿತದ ಗುಟ್ಟು. ಆದರೆ ಹಾಗೆ ಮೆಲ್ಲಗೇಳುವುದರಲ್ಲಿಯೇ ಸವಾರನ ಶಕ್ತಿಯನ್ನು ನುಂಗುತ್ತದೆ, ಬೇಗನೆ ಸವೆಯುತ್ತದೆ. ಒಡಲು ತೆಳುವಾದರೆ ಒಂದು ಟೈರು ಸುಮಾರು 900 ಗ್ರಾಂ ತೂಗುತ್ತದೆ. ದಪ್ಪವಾದರೆ 1300 ಗ್ರಾಂ. ತೆಳುವಾದದ್ದು ಚೂಪುಗಲ್ಲಿಗೆ ಹರಿಯುತ್ತದೆ. ದಪ್ಪವಾದದ್ದು ಏರಿನಲ್ಲಿ ಕಾಲನ್ನು ಕಟ್ಟಿಹಾಕುತ್ತದೆ. ಎಲ್ಲ ಗುಣಗಳೂ ತುಂಬಿ ಯಾವ ದೋಷವೂ ಇಲ್ಲದ ಟೈರನ್ನು ಯಾವ ಕಾರ್ಖಾನೆಯೂ ಮಾಡಿಲ್ಲ. ಮನುಷ್ಯರಲ್ಲಿ ಕಾಣದ ಪರಿಪೂರ್ಣತೆಯನ್ನು ರಬ್ಬರಿನಲ್ಲಿ ಹುಡುಕುವುದು ನ್ಯಾಯವೂ ಅಲ್ಲ.

ಇನ್ನು ದಾರಿಯ ವಿಚಾರ. ಮೇಲೆ ಹಿಮ, ಬೆಳಗಿನ ಚಳಿಗೆ ಗಟ್ಟಿಯಾಗಿದ್ದರೆ ಗಾಜಿನಂತೆ, ಬಿಸಿಲಿಗೆ ಕರಗಿದ್ದರೆ ಹಿಟ್ಟಿನ ಮುದ್ದೆಯಂತೆ. ಅದರ ಕೆಳಗೆ ಒಡೆದ ಬಂಡೆಗಳ ರಾಶಿ. ಚೂಪಾದ ಅಂಚುಗಳು ರಿಮ್ಮನ್ನೂ ಟೈರನ್ನೂ ಕಾದುಕೊಂಡೇ ಕುಳಿತಿರುವ ಸ್ಥಳ. ಅದು ಮುಗಿದಮೇಲೆ ಎತ್ತರದ ಹುಲ್ಲುಗಾವಲು, ಬಿರುಸಾದ ಓಟ. ನಡುವೆ, ಇಳಿಯುವ ಪಂದ್ಯವೆಂದು ನಂಬಿ ಬಂದವರನ್ನು ಪರೀಕ್ಷಿಸುವಂತೆ, ಕೆಲವು ಏರುಗಳು. ತೆಳುವಾದ ಗಾಳಿಯಲ್ಲಿ ಆಗಲೇ ಬಳಲಿದ ಕಾಲುಗಳು ಅಲ್ಲಿ ತುಳಿಯಬೇಕು. ಕಡೆಯಲ್ಲಿ ಕಾಡು, ಮರದ ಬೇರುಗಳು, ಬಿಗಿಯಾದ ತಿರುವುಗಳು, ಒಣಗಿದ್ದರೆ ಧೂಳು, ಮಳೆ ಬಂದಿದ್ದರೆ ಜಾರುವ ಜೇಡಿ. ಹಿಮಕ್ಕೆ ಒಪ್ಪುವ ಟೈರು ಹುಲ್ಲುಗಾವಲಿಗೆ ಹೊರೆ. ಏರಿಗೆ ಒಪ್ಪುವುದು ಬಂಡೆಗೆ ಬಲಿ. ಆದುದರಿಂದ ಎಲ್ಲಕ್ಕಿಂತ ಉತ್ತಮವಾದ ಟೈರು ಯಾವುದು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು: ಯಾವ ಸ್ಥಳದಲ್ಲಿ ಏನನ್ನು ಬಿಟ್ಟುಕೊಡಲು ಸವಾರನು ಸಿದ್ಧನಾಗಿದ್ದಾನೆ? ಆಯ್ಕೆಯೆಂದರೆ ಪಡೆಯುವುದೆಂದೇ ಸಾಮಾನ್ಯರು ತಿಳಿದಿರುತ್ತಾರೆ. ಬಿಡುವುದನ್ನು ಗೊತ್ತುಮಾಡಿಕೊಳ್ಳದೆ ಯಾವುದನ್ನೂ ಪಡೆಯಲಾಗದೆಂಬುದನ್ನು ಈ ಬೆಟ್ಟ ಒಂದೇ ಬೆಳಗಿನಲ್ಲಿ ಕಲಿಸುತ್ತದೆ.

ಈ ಸ್ಥಿತಿಯಲ್ಲಿ ಎರಡು ಪಕ್ಷಗಳು ಏಳುತ್ತವೆ. ಮೊದಲನೆಯ ಪಕ್ಷದವನು ಹೇಳುವುದೇನೆಂದರೆ: ಪಂದ್ಯವು ವೇಗಕ್ಕಾಗಿ ಇರುವುದು, ವೇಗವನ್ನು ಬಯಸದವನು ನಡೆದುಕೊಂಡು ಇಳಿಯಬಹುದಾಗಿತ್ತು, ಗೆದ್ದವನು ಏನನ್ನು ಹಾಕಿದನೋ ಅದೇ ಸರಿಯಾದ ಟೈರು. ಎರಡನೆಯ ಪಕ್ಷದವನು ಹೇಳುವುದು: ತಲಪದವನಿಗೆ ವೇಗದಿಂದೇನು ಪ್ರಯೋಜನ? ಅತ್ಯಂತ ದಪ್ಪವಾದ ಒಡಲು, ಅತ್ಯಂತ ಮೆತ್ತನೆಯ ರಬ್ಬರು, ಇವೇ ಕ್ಷೇಮ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಎರಡನ್ನೂ ಪೂರ್ತಿಯಾಗಿ ನಂಬಿದವನು ಕೆಡುತ್ತಾನೆ.

ಮೊದಲನೆಯ ಪಕ್ಷವನ್ನು ನೋಡೋಣವೆಂದರೆ, ಅದರ ದೋಷವು ಅನುಕರಣದ ದೋಷ. ಒಬ್ಬ ಸವಾರನನ್ನು ಕಲ್ಪಿಸಿಕೊಳ್ಳಬಹುದು. ವರ್ಷವೆಲ್ಲ ಕಚೇರಿಯಲ್ಲಿ ಕೆಲಸಮಾಡಿ, ರಜ ಪಡೆದು, ಹಣ ಕೂಡಿಸಿ ಈ ಬೆಟ್ಟಕ್ಕೆ ಬಂದಿದ್ದಾನೆ. ಅರ್ಹತೆಯ ಓಟದಲ್ಲಿ ಅವನಿಗೆ ದೊರೆತದ್ದು ಹಿಂದಿನ ಸಾಲು. ಅವನ ಮುಂದೆ ಎರಡು ಜೊತೆ ಟೈರುಗಳಿವೆ, ಒಂದು ಹಗುರವಾದದ್ದು, ಮೊದಲನೆಯ ಸಾಲಿನ ಗಟ್ಟಿಗನೊಬ್ಬನು ಹಾಕಿರುವಂತಹುದು, ಇನ್ನೊಂದು ಭಾರವಾದದ್ದು. ಮನಸ್ಸು ಹಗುರವಾದದ್ದರ ಕಡೆಗೆ ವಾಲುತ್ತದೆ. ಆದರೆ ಆ ಗಟ್ಟಿಗನು ಬಂಡೆಗಳ ಮೇಲೆ ಹೋಗುವ ರೀತಿಯೇ ಬೇರೆ. ಎಲ್ಲಿ ಭಾರವನ್ನು ಎತ್ತಬೇಕು, ಎಲ್ಲಿ ಇಳಿಸಬೇಕು, ಯಾವ ಕಲ್ಲನ್ನು ಹಾರಬೇಕು, ಯಾವುದನ್ನು ಸವರಿಕೊಂಡು ಹೋಗಬೇಕು ಎಂಬುದು ಅವನ ಮೈಗೆ ಗೊತ್ತು. ಅವನ ಗಾಲಿ ಕಲ್ಲಿನ ತಲೆಯನ್ನು ಮುಟ್ಟಿ ಮುಂದೆ ಸಾಗುವ ಸ್ಥಳದಲ್ಲಿ, ಬಳಲಿದ ಈ ಸವಾರನ ಗಾಲಿ ಕಲ್ಲಿನ ಎದೆಗೆ ಹೋಗಿ ಹೊಡೆಯುತ್ತದೆ. ಹಗುರವಾದ ಟೈರು ಅವನಿಗೆ ವೇಗ, ಇವನಿಗೆ ಪಂಕ್ಚರು. ಪಂಕ್ಚರಾದಮೇಲೆ ದಾರಿಯ ಪಕ್ಕದಲ್ಲಿ ಕುಳಿತು ನಡುಗುವ ಕೈಯಿಂದ ಟ್ಯೂಬು ತುರುಕುವ ನಿಮಿಷಗಳಲ್ಲಿ ಹಿಂದಿನವರೆಲ್ಲ ಮುಂದಾಗುತ್ತಾರೆ. ಉಳಿಸಿದ 400 ಗ್ರಾಂ ತೂಕದ ಲೆಕ್ಕ ಅಲ್ಲಿ ತೀರಿಹೋಗುತ್ತದೆ.

ಗ್ರೀಸ್ ದೇಶದ ತತ್ತ್ವಜ್ಞನಾದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಇದಕ್ಕೆ ಸರಿಯಾದ ಒಂದು ನಿದರ್ಶನವನ್ನು ಕೊಟ್ಟಿದ್ದಾನೆ. ಹತ್ತು ಮಿನಾ ತೂಕದ ಆಹಾರ ಹೆಚ್ಚು, ಎರಡು ಕಡಮೆ ಎಂದಮಾತ್ರಕ್ಕೆ ಎಲ್ಲರಿಗೂ ಆರನ್ನೇ ಗೊತ್ತುಮಾಡುವುದು ಸರಿಯಲ್ಲ. ಮಿಲೋ ಎಂಬ ಪ್ರಸಿದ್ಧನಾದ ಜಟ್ಟಿಗೆ ಆರು ಸಾಲದು, ಗರಡಿಗೆ ಹೊಸದಾಗಿ ಬಂದವನಿಗೆ ಅದೇ ಹೆಚ್ಚು. ಮಧ್ಯಮಮಾರ್ಗವೆಂಬುದು ಲೆಕ್ಕದ ನಡುಮಧ್ಯವಲ್ಲ. ಆಯಾ ಮನುಷ್ಯನಿಗೆ ತಕ್ಕದ್ದು ಎಂಬುದು ಅದರ ತಾತ್ಪರ್ಯ. ಕನ್ನಡದಲ್ಲಿ ಇದಕ್ಕೆ ಹದವೆಂಬ ಸೊಗಸಾದ ಮಾತುಂಟು. ಹೊಲಕ್ಕೆ ಹದವುಂಟು, ಕಾದ ಕಬ್ಬಿಣಕ್ಕೆ ಹದವುಂಟು, ಪಾಕಕ್ಕೆ ಹದವುಂಟು. ಹದವನ್ನು ಅಳತೆಗೋಲಿನಿಂದ ತಿಳಿಯಲಾಗದು; ಕೈಯಾಡಿಸಿದವನಿಗೆ ತಿಳಿಯುತ್ತದೆ. ಒಬ್ಬನ ಹದ ಇನ್ನೊಬ್ಬನಿಗೆ ಸಾಲವಾಗಿ ಸಿಕ್ಕುವುದಿಲ್ಲ. ಆದುದರಿಂದ ಟೈರನ್ನು ಆರಿಸುವವನು ಮೊದಲು ಆರಿಸಬೇಕಾದದ್ದು ಟೈರನ್ನಲ್ಲ. ತಾನು ಯಾರು, ಎಷ್ಟರವನು ಎಂಬ ಸತ್ಯವನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎಂಬುದನ್ನು ಅವನು ಮೊದಲು ಆರಿಸಬೇಕು. ಇದು ಬಹಳ ಕಷ್ಟವಾದ ಕೆಲಸ. ಅದನ್ನು ಮಾಡದೆ ಹೋಗಿ ಬಿದ್ದವನು ಬೆಟ್ಟವನ್ನೋ ರಬ್ಬರನ್ನೋ ಮಾಡಿದ ಕಾರ್ಖಾನೆಯನ್ನೋ ದೂರುತ್ತಾನೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಆಲ್ಪ್ಸ್ ಪರ್ವತದಲ್ಲಿಯೂ ಸಲ್ಲುತ್ತದೆ; ಅಲ್ಲಿ ನೆಲ ನಿಜವಾಗಿಯೂ ಡೊಂಕಾಗಿದ್ದರೂ ಸಲ್ಲುತ್ತದೆ.

ಎರಡನೆಯ ಪಕ್ಷವೂ ನಿರ್ದೋಷವಾದುದಲ್ಲ. ಕ್ಷೇಮವನ್ನು ರಾಶಿಹಾಕಿಕೊಂಡರೆ ಅದೇ ಅಪಾಯವಾಗುವ ಸಂದರ್ಭವುಂಟು. ಅತಿ ಭಾರವಾದ, ಅತಿ ಮೆತ್ತನೆಯ ಟೈರುಗಳನ್ನು ಮುಂದಕ್ಕೂ ಹಿಂದಕ್ಕೂ ಹಾಕಿಕೊಂಡವನು ನಡುವಿನ ಏರಿನಲ್ಲಿ ತನ್ನ ಬಲವನ್ನೆಲ್ಲ ಸುರಿದುಬಿಡುತ್ತಾನೆ. ಕಾಡಿನ ಬೇರುಗಳು ಬರುವುದು ಆಮೇಲೆ. ಸೋತ ತೋಳು ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಲಾರದು. ಸೋತ ಬೆರಳು ಬ್ರೇಕನ್ನು ಹದವಾಗಿ ಒತ್ತಲಾರದು. ಸೋತ ಕಣ್ಣು ದಾರಿಯನ್ನು ಮುಂದಾಗಿ ನೋಡಲಾರದು. ಬೀಳದಿರುವುದಕ್ಕೆಂದು ತಂದ ಟೈರೇ ಬೀಳಿಸುವಂತಾಗುತ್ತದೆ. ಭಯವು ವಿವೇಕದ ಮಾತನ್ನೇ ಆಡುತ್ತದೆಯಾದ್ದರಿಂದ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಆದರೂ ಒಂದು ಗುರುತುಂಟು. ವಿವೇಕವು ಇಂಥ ಸ್ಥಳದಲ್ಲಿ ಇಂಥ ಅಪಾಯವೆಂದು ಬೆರಳಿಟ್ಟು ತೋರಿಸುತ್ತದೆ. ಭಯಕ್ಕೆ ಎಲ್ಲೆಲ್ಲಿಯೂ ಅಪಾಯ. ಬಂಡೆಯ ರಾಶಿಯಲ್ಲಿ ಹಿಂದಿನ ಟೈರಿನ ಪಕ್ಕ ಹರಿದೀತೆಂದು ದಪ್ಪ ಒಡಲನ್ನು ಆರಿಸಿದವನು ವಿವೇಕಿ. ಏನಾಗುವುದೋ ಏನೋ ಎಂದು ಆರಿಸಿದವನು ಅದೇ ಟೈರನ್ನು ಹಾಕಿದ್ದರೂ ವಿವೇಕಿಯಲ್ಲ. ಅವನ ಆಯ್ಕೆ ಸರಿಯಾಗಿದ್ದರೆ ಅದು ಕಾಕತಾಳೀಯ.

ಅನುಭವಿಗಳು ಈ ಎರಡು ಪಕ್ಷಗಳ ನಡುವೆ ಕಂಡುಕೊಂಡಿರುವ ಒಂದು ಉಪಾಯವು ವಿಚಾರಕ್ಕೆ ಯೋಗ್ಯವಾದುದು. ಅವರು ಎರಡು ಗಾಲಿಗಳಿಗೂ ಒಂದೇ ಬಗೆಯ ಟೈರನ್ನು ಹಾಕುವುದಿಲ್ಲ. ಮುಂದಿನ ಗಾಲಿಯು ದಾರಿಯನ್ನು ಗೊತ್ತುಮಾಡುವುದು. ಅದು ಜಾರಿದರೆ ಸವಾರನು ನೆಲದ ಮೇಲಿರುತ್ತಾನೆ. ಹಿಂದಿನದು ಜಾರಿದರೆ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಆದರೆ ಭಾರವೂ ಪೆಟ್ಟೂ ಹೆಚ್ಚಾಗಿ ಬೀಳುವುದು ಹಿಂದಿನದಕ್ಕೆ. ಆದುದರಿಂದ ಮುಂದಕ್ಕೆ ಮೆತ್ತನೆಯ ರಬ್ಬರು, ಎತ್ತರದ ಹಲ್ಲು. ಹಿಂದಕ್ಕೆ ಗಟ್ಟಿಯಾದ ಒಡಲು, ಸರಾಗವಾಗಿ ಉರುಳುವ ಹಲ್ಲು. ಸಮಾನತೆಯೆಂದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವುದೆಂದು ಹಲವರು ಎಣಿಸುತ್ತಾರೆ. ಹೊರುವವನಿಗೆ ಹೊರುವುದಕ್ಕೆ ಬೇಕಾದದ್ದನ್ನೂ, ದಾರಿ ನೋಡುವವನಿಗೆ ನೋಡುವುದಕ್ಕೆ ಬೇಕಾದದ್ದನ್ನೂ ಕೊಡುವುದೇ ನ್ಯಾಯವೆಂದು ಮನೆ ನಡಸಿದವರೆಲ್ಲ ಬಲ್ಲರು. ಒಂದು ಬೈಸಿಕಲ್ಲಿನ ಎರಡು ಗಾಲಿಗಳಲ್ಲಿಯೂ ಆ ನ್ಯಾಯವೇ ನಡೆಯುತ್ತದೆ.

ಇನ್ನು ಗಾಳಿಯ ವಿಚಾರ. ಒತ್ತಡ ಹೆಚ್ಚಾದರೆ ಟೈರು ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಕಡಮೆಯಾದರೆ ನೆಲವನ್ನು ಅಪ್ಪಿಕೊಂಡು ಹಿಡಿಯುತ್ತದೆ. ಆದರೆ ಚೂಪುಗಲ್ಲು ತಗಲಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿಕೊಂಡು, ಹಾವು ಕಚ್ಚಿದಂತೆ ಎರಡು ತೂತುಗಳಾಗುತ್ತವೆ. ಈಚೆಗೆ ಟ್ಯೂಬನ್ನೇ ಬಿಟ್ಟು, ಟೈರಿನೊಳಗೆ ಸಣ್ಣ ತೂತುಗಳನ್ನು ತಾನೇ ಮುಚ್ಚುವ ಅಂಟುದ್ರವವನ್ನು ಹಾಕುವುದು ರೂಢಿಯಾಗಿದೆ. ಆದರೂ ಪಕ್ಕ ಹರಿದರೆ ದ್ರವವೇನು ಮಾಡೀತು? ಚದರ ಅಂಗುಲಕ್ಕೆ 20 ಪೌಂಡಿಗೂ 30 ಪೌಂಡಿಗೂ ನಡುವೆ, ತನ್ನ ತೂಕಕ್ಕೂ ಅಭ್ಯಾಸಕ್ಕೂ ತಕ್ಕಂತೆ, ಒಂದೆರಡು ಪೌಂಡುಗಳ ಅಂತರದಲ್ಲಿ ಪ್ರತಿಯೊಬ್ಬನೂ ತನ್ನ ಹದವನ್ನು ಕಂಡುಕೊಳ್ಳಬೇಕು. ಬೌದ್ಧರ ವಿನಯಪಿಟಕದಲ್ಲಿ ಸೋಣನೆಂಬ ಭಿಕ್ಷುವಿನ ಕಥೆಯಿದೆ. ಆತನು ಅತಿಯಾದ ಉತ್ಸಾಹದಿಂದ ಸಾಧನೆ ಮಾಡಿ, ಕಾಲು ಬಿರಿದು ರಕ್ತ ಸುರಿಯುವವರೆಗೆ ನಡೆದು, ನಿರಾಶನಾಗಿ ಕುಳಿತನು. ಬುದ್ಧನು ಬಂದು, ಸಂಸಾರದಲ್ಲಿದ್ದಾಗ ಅವನು ನುಡಿಸುತ್ತಿದ್ದ ವೀಣೆಯ ಮಾತನ್ನೆತ್ತಿ, ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ನಾದ ಹೊರಡದೆಂಬುದನ್ನು ಅವನ ಬಾಯಿಂದಲೇ ಹೇಳಿಸಿದನು. ಆ ವೀಣೆಯ ತಂತಿಗೂ ಈ ಟೈರಿನ ಗಾಳಿಗೂ ಕಾಲದೇಶಗಳಿಂದ ಎಷ್ಟು ದೂರವೋ, ನ್ಯಾಯದಲ್ಲಿ ಅಷ್ಟೇ ಹತ್ತಿರ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಆ ಶಿಖರದಲ್ಲಿ ಹೊರಗಿನ ವಾಯುವಿನ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಅಲ್ಲಿ ಅಳೆದು ಗಾಳಿ ತುಂಬಿದ ಟೈರು ಕಣಿವೆಗೆ ಇಳಿಯುವಷ್ಟರಲ್ಲಿ, ಒಳಗಿನ ಗಾಳಿ ಒಂದಿಷ್ಟೂ ಸೋರದಿದ್ದರೂ, ಹೊರಗಿನ ವಾಯು ದಟ್ಟವಾಗುವುದರಿಂದ ಚದರ ಅಂಗುಲಕ್ಕೆ ಸುಮಾರು 4 ಪೌಂಡಿನಷ್ಟು ಮೆತ್ತಗಾಗಬೇಕು. ಕಣಿವೆಯ ಬಿಸಿಲು ಒಳಗಿನ ಗಾಳಿಯನ್ನು ಕಾಯಿಸಿ ಆ ನಷ್ಟದಲ್ಲಿ ಒಂದು ಭಾಗವನ್ನು ಹಿಂದಕ್ಕೆ ಕೊಡುತ್ತದೆ. ಒಳಗಿರುವುದು ಅದೇ ಗಾಳಿ. ಸುತ್ತಣ ಸ್ಥಿತಿ ಬದಲಾದುದರಿಂದ ಅದರ ಬಿಗಿ ಬದಲಾಯಿತು. ಮನುಷ್ಯನ ದೃಢತೆಯೂ ಹೀಗೆಯೇ. ಹಿಂದಿನ ಸಂಜೆ ಬೆಚ್ಚಗಿನ ಕೋಣೆಯಲ್ಲಿ ಮಾಡಿದ ಸಂಕಲ್ಪವು ಮರುದಿನ ಶಿಖರದ ಚಳಿಯಲ್ಲಿ ಅಷ್ಟೇ ಬಿಗಿಯಾಗಿ ಇರುವುದೆಂದು ನಂಬುವಂತಿಲ್ಲ. ಎಲ್ಲಿ ಅಳೆದದ್ದು ಎಂಬುದನ್ನು ಬಿಟ್ಟು ಎಷ್ಟು ಅಳೆಯಿತು ಎಂಬುದನ್ನು ಮಾತ್ರ ಹೇಳುವವನು ಅರ್ಧಸತ್ಯವನ್ನು ಹೇಳಿದವನಾಗುತ್ತಾನೆ.

ಇಲ್ಲಿಯವರೆಗೆ ಹೇಳಿದುದೆಲ್ಲ ಸವಾರನಿಗೂ ಅವನ ಬೆಟ್ಟಕ್ಕೂ ಸಂಬಂಧಪಟ್ಟದ್ದು. ಆದರೆ ಮುಖ್ಯವಾದ ಪ್ರಶ್ನೆ ಇನ್ನೂ ಉಳಿದಿದೆ. ಒಬ್ಬೊಬ್ಬರಾಗಿ ಬಿಡುವ ಪಂದ್ಯಗಳೂ ಲೋಕದಲ್ಲಿ ಉಂಟು; ಅಲ್ಲಿ ಬಿದ್ದವನು ತಾನೊಬ್ಬನೇ ಬೀಳುತ್ತಾನೆ. ಇಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಮೊದಲನೆಯ ಕೆಲವು ನಿಮಿಷಗಳಲ್ಲಿ ಹಿಮದ ಮೇಲೆ ಹ್ಯಾಂಡಲಿಗೆ ಹ್ಯಾಂಡಲು ತಾಗುವಂತೆ ನೂರಾರು ಮಂದಿ ಜಾರುತ್ತಿರುವಾಗ ಒಬ್ಬನ ಗಾಲಿ ಅಡ್ಡಬಿದ್ದರೆ, ಹಿಂದಿನವನಿಗೆ ನಿಲ್ಲುವ ಉಪಾಯವಿಲ್ಲ. ಅವನ ಹಿಂದಿನವನಿಗೂ ಇಲ್ಲ. ಆಗ ಬಿದ್ದವನು ಆರಿಸಿದ ಟೈರು ಅವನೊಬ್ಬನ ಟೈರಾಗಿ ಉಳಿಯುವುದಿಲ್ಲ. ಹೀಗಿರಲು ಪ್ರಾಣ ತನ್ನದು, ಸಾಹಸ ತನ್ನದು, ಇತರರಿಗೇನು ಎನ್ನುವ ಮಾತು ಇಲ್ಲಿ ಸಲ್ಲುವುದೆ?

ಇದಕ್ಕೊಂದು ಪ್ರತಿವಾದವುಂಟು. ಅಲ್ಲಿ ನಿಂತವರೆಲ್ಲ ಅಪಾಯವನ್ನು ತಿಳಿದು, ಒಪ್ಪಿ, ಸಹಿಮಾಡಿ ಬಂದವರು. ಒಪ್ಪಿ ಬಂದವನಿಗೆ ಅನ್ಯಾಯವಾಯಿತೆಂದು ಹೇಳಲಾಗದು ಎಂದು. ಈ ವಾದವು ಮೇಲೆ ನೋಡುವುದಕ್ಕೆ ಬಲವಾಗಿದೆ. ಆದರೆ ಒಪ್ಪಿಗೆಯ ಎಲ್ಲೆಯನ್ನು ಗಮನಿಸಬೇಕು. ಬೆಟ್ಟದ ಸ್ವಭಾವದಿಂದಲೂ, ವೇಗದ ಸ್ವಭಾವದಿಂದಲೂ, ಮನುಷ್ಯನ ಶಕ್ತಿಯ ಮಿತಿಯಿಂದಲೂ ತಪ್ಪದೆ ಬರುವ ಅಪಾಯಕ್ಕೆ ಅವರು ಒಪ್ಪಿದರು. ಪಕ್ಕದವನು ಹಲ್ಲು ಸವೆದ ಟೈರಿನಲ್ಲಿ ಬರುವನೆಂಬುದಕ್ಕೂ, ತನಗೆ ಮೀರಿದ ಟೈರನ್ನು ಪ್ರತಿಷ್ಠೆಗಾಗಿ ಹಾಕಿಕೊಂಡು ಬರುವನೆಂಬುದಕ್ಕೂ ಯಾರೂ ಒಪ್ಪಲಿಲ್ಲ. ದೋಣಿ ಹತ್ತಿದವನು ನದಿಯ ಅಲೆಗೆ ಒಪ್ಪಿದ್ದಾನೆ. ಅಂಬಿಗನ ಅಲಕ್ಷ್ಯಕ್ಕೆ ಒಪ್ಪಿಲ್ಲ. ಆದುದರಿಂದ ಒಟ್ಟಿಗೆ ಹೊರಡುವ ಪಂದ್ಯದಲ್ಲಿ ತಕ್ಕ ಟೈರನ್ನು ಹಾಕುವುದು ಜಾಣತನ ಮಾತ್ರವಲ್ಲ, ಋಣ. ಹಾಗೆಯೇ ಹಿಂದಿನ ಸಾಲಿನಲ್ಲಿ ನಿಲ್ಲಬೇಕಾದವನು ತನ್ನ ಸಾಲಿನಲ್ಲಿಯೇ ನಿಲ್ಲುವುದೂ, ಹಿಡಿತವಿಲ್ಲದ ಕಡೆ ವೇಗವನ್ನು ತಗ್ಗಿಸುವುದೂ ಆ ಋಣದ ಭಾಗಗಳೇ. ತಲೆಯನ್ನೂ ಮುಖವನ್ನೂ ಮುಚ್ಚುವ ಶಿರಸ್ತ್ರಾಣ, ಬೆನ್ನಿನ ಕವಚ, ಮೊಣಕಾಲಿನ ಕವಚ, ಇವನ್ನು ಪಂದ್ಯದ ನಿಯಮವು ಕಡ್ಡಾಯ ಮಾಡಿದೆ; ಇವು ಧರಿಸಿದವನನ್ನು ಕಾಪಾಡುತ್ತವೆ. ಪಕ್ಕದವನನ್ನು ಕಾಪಾಡುವುದು ಧರಿಸಿದವನ ಟೈರು ಮತ್ತು ಅವನ ಸಂಯಮ. ನಿಯಮವು ಎಷ್ಟೇ ದೂರ ಬಂದರೂ ಈ ಕಡೆಯ ನಾಲ್ಕು ಹೆಜ್ಜೆಗಳನ್ನು ಮನಸ್ಸಾಕ್ಷಿಯೇ ನಡೆಯಬೇಕು.

ಇಷ್ಟೆಲ್ಲ ವಿಚಾರಿಸಿ ಆರಿಸಿದವನಿಗೆ ಗೆಲವು ಉಂಟೇ ಎಂದರೆ, ಇಲ್ಲವೆಂದೇ ಹೇಳಬೇಕು. ತಲಪುವ ಭರವಸೆಯೂ ಇಲ್ಲ. ವಿವೇಕದಿಂದ ಆರಿಸಿದವನ ಟೈರು ಮೊದಲನೆಯ ಬಂಡೆಗೇ ಹರಿಯಬಹುದು. ಏನನ್ನೂ ಯೋಚಿಸದೆ ಬಂದವನು ಹಾಡಿಕೊಂಡು ಇಳಿಯಬಹುದು. ಆಗ ಲೋಕವು ಹರಿದದ್ದನ್ನು ತಪ್ಪು ಆಯ್ಕೆಯೆಂದೂ, ಇಳಿದದ್ದನ್ನು ಸರಿಯಾದ ಆಯ್ಕೆಯೆಂದೂ ತೀರ್ಮಾನಿಸುತ್ತದೆ. ಫಲದಿಂದ ಕಾರ್ಯವನ್ನು ಅಳೆಯುವ ಈ ಅಭ್ಯಾಸವು ಮನುಷ್ಯರಲ್ಲಿ ಬೇರೂರಿದೆ. ಆದರೆ ಆಯ್ಕೆಯ ಗುಣವು ಆರಿಸಿದ ಕಾಲದಲ್ಲಿ ತಿಳಿಯಬಹುದಾಗಿದ್ದ ಸಂಗತಿಗಳಿಗೆ ಸೇರಿದ್ದು. ಫಲವು ತಿಳಿಯಲಾಗದಿದ್ದ ಸಂಗತಿಗಳಿಗೂ ಸೇರಿದ್ದು. ಎರಡನ್ನು ಬೆರಸಿದವನು ಅದೃಷ್ಟವಂತನನ್ನು ಗುರುವೆಂದು ತಿಳಿದು ಮುಂದಿನ ವರ್ಷ ತಾನು ಬೀಳುತ್ತಾನೆ.

ಫಲ ಕೈಕೊಟ್ಟಾಗ ಉಳಿಯುವುದು ಏನು ಎಂಬುದಕ್ಕೆ ಹಳೆಯ ಕಾಲದ ಒಂದು ನಿದರ್ಶನವನ್ನು ಹೇಳಬಹುದು. 1913ರ ಟೂರ್ ದ ಫ್ರಾನ್ಸಿನಲ್ಲಿ ಯುಜೆನ್ ಕ್ರಿಸ್ತೋಫ್ ಎಂಬ ಸವಾರನು ಪಿರನೀಸ್ ಪರ್ವತಗಳಲ್ಲಿನ ತೂರ್ಮಾಲೆ ಘಟ್ಟವನ್ನು ಇಳಿಯುತ್ತಿರುವಾಗ ಅವನ ಬೈಸಿಕಲ್ಲಿನ ಮುಂಗವೆ ಮುರಿಯಿತು. ಇತರರ ಸಹಾಯ ಪಡೆಯಕೂಡದೆಂಬುದು ಆಗಿನ ನಿಯಮ. ಅವನು ಬೈಸಿಕಲ್ಲನ್ನು ಹೊತ್ತುಕೊಂಡು ಬೆಟ್ಟವಿಳಿದು, ಸೇಂತ್ ಮರಿ ದ ಕಾಂಪಾಂ ಎಂಬ ಹಳ್ಳಿಯ ಕಮ್ಮಾರಸಾಲೆಯಲ್ಲಿ ತನ್ನ ಕೈಯಿಂದಲೇ ಅದನ್ನು ಬೆಸೆದುಕೊಂಡು ಮುಂದೆ ಹೋದನು. ಗೆಲ್ಲುವ ಆಸೆ ಗಂಟೆಗಳ ಹಿಂದೆಯೇ ಹೋಗಿತ್ತು. ಅದರ ಮೇಲೆ, ತಿದಿಯೊತ್ತಲು ಒಬ್ಬ ಹುಡುಗನು ನೆರವಾದನೆಂದು ಅಧಿಕಾರಿಗಳು ದಂಡವನ್ನೂ ವಿಧಿಸಿದರು. ಆ ವರ್ಷ ಗೆದ್ದವನ ಹೆಸರನ್ನು ಬಲ್ಲವರಿಗಿಂತ ಈ ಸೋತವನ ಕಥೆಯನ್ನು ಬಲ್ಲವರು ಹೆಚ್ಚು. ಮೆಗಾವಲಾಂಚಿನ ದಾರಿಯ ಬದಿಯಲ್ಲಿ ಟೈರು ಕಳಚಿ ಕುಳಿತವನಿಗೂ ಉಳಿದಿರುವ ಮಾರ್ಗ ಅದೇ. ತನ್ನ ಆಯ್ಕೆಯನ್ನು ಶಪಿಸದೆ, ತನ್ನ ಗಾಲಿಯನ್ನು ತಾನೇ ಸರಿಮಾಡಿಕೊಂಡು, ದಾರಿಯಲ್ಲಿ ಬರುವವರಿಗೆ ಅಡ್ಡಿಯಾಗದಂತೆ ಪಕ್ಕಕ್ಕೆ ಸರಿದು ನಿಂತು, ಮತ್ತೆ ಹೊರಡುವುದು.

ಕಡೆಯದಾಗಿ ಒಂದು ಮಾತು. ಈ ವಿಷಯದಲ್ಲಿ ಒಮ್ಮೆ ಕಂಡುಕೊಂಡದ್ದು ಎಂದೆಂದಿಗೂ ಸಾಕಾಗುವುದಿಲ್ಲ. ಶಿಖರದ ಕೆಳಗಿರುವ ಸಾರೆನ್ ಎಂಬ ಹಿಮನದಿಯನ್ನು ವಿಜ್ಞಾನಿಗಳು 1949ರಿಂದ ಅಳೆಯುತ್ತ ಬಂದಿದ್ದಾರೆ. ಭೂಮಿಯ ಸೆಕೆ ಏರಿದಂತೆ ಅದು ಕರಗುತ್ತ ಕರಗುತ್ತ, ಈಗ ಹಳೆಯ ಹಿಮನದಿಯ ಅವಶೇಷವೆಂದು ಹೇಳುವಷ್ಟಕ್ಕೆ ಇಳಿದಿದೆ. ಮೊದಲ ವರ್ಷಗಳ ಸವಾರರು ಹಿಮವನ್ನು ನೆನೆದು ಟೈರು ಆರಿಸುತ್ತಿದ್ದ ಸ್ಥಳದಲ್ಲಿ ಬರಿಯ ಕಲ್ಲು ಕಾಣಿಸಿಕೊಳ್ಳುತ್ತಿದೆ. ಹಿರಿಯರು ಹೇಳಿದ ಟೈರಿನ ಹೆಸರನ್ನು ಕಿರಿಯರು ಕಂಠಪಾಠ ಮಾಡಿಕೊಂಡರೆ ಪ್ರಯೋಜನವಿಲ್ಲ. ಅವರು ನೆಲವನ್ನು ನೋಡಿದ ರೀತಿಯನ್ನು ಕಲಿತರೆ ಪ್ರಯೋಜನವುಂಟು. ಧರ್ಮದ ವಿಷಯದಲ್ಲಿಯೂ ಹಿಂದಿನವರಿಂದ ಪಡೆಯಬೇಕಾದದ್ದು ಇದೇ ಅಲ್ಲವೆ?

ಅಂತು ಆ ಸಂಜೆ ಎರಡು ಜೊತೆ ಟೈರುಗಳ ಮುಂದೆ ಕುಳಿತ ಸವಾರನು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ ಸಾಕು. ನಾಳೆಯ ನೆಲ ಎಂತಹುದು? ಆ ನೆಲದ ಮೇಲೆ ತಾನು ಎಷ್ಟರವನು? ತನ್ನ ಹಿಂದೆ ಬರುವವರು ಯಾರು? ಮೊದಲನೆಯದಕ್ಕೆ ಕಣ್ಣು ಬೇಕು, ಎರಡನೆಯದಕ್ಕೆ ಸತ್ಯ ಬೇಕು, ಮೂರನೆಯದಕ್ಕೆ ದಯೆ ಬೇಕು. ಉತ್ತರ ಕಂಡಮೇಲೆ ಮುಂದಿನ ಗಾಲಿಗೆ ಮೆತ್ತನೆಯದನ್ನು, ಹಿಂದಿನ ಗಾಲಿಗೆ ಗಟ್ಟಿಯಾದುದನ್ನು ತೊಡಿಸಿ, ಗಾಳಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿನೋಡಿ, ದೀಪ ಆರಿಸಿ ಮಲಗಬಹುದು. ಬೆಳಗಾದರೆ ಕೇಬಲ್ ಗಾಡಿಯಲ್ಲಿ ಮೇಲೇರಬೇಕು. ಅಲ್ಲಿಂದ ಮುಂದಿನದು ಬೆಟ್ಟಕ್ಕೆ ಸೇರಿದ್ದು.